ಗೂಟ ಕದಲಲಿಲ್ಲ

ಫೆಬ್ರವರಿ ೪, ಭಾನುವಾರ

ನೂಲಿನ ಅಂಗಡಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ಇಷ್ಟು ದಿನ ಹಾಗೇ ಬಿದ್ದಿತ್ತು. ಬರೆಯುವಂಥದ್ದು ಇವತ್ತೂ ಏನಿಲ್ಲ. ಆದರೆ ಎಲ್ಲವನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡಿ ಸಾಕಾಗಿದೆ.

ಹೋದ ದೃಷ್ಟಿ ಹೋಯಿತು, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ನಿನ್ನೆ ಮಾವನವರಿಗೆ ಹೇಳಿಬಿಟ್ಟರು. ಮಾವನವರು ಎದ್ದು, "ಸರಿ ಬಿಡಿ ಡಾಕ್ಟ್ರೇ, ನೋಡಬೇಕಾದ್ದೆಲ್ಲ ನೋಡಿಯಾಯ್ತು" ಎಂದು ಬಾಗಿಲು ಬಿಟ್ಟು ಬೀರುವಿನ ಕಡೆ ನಡೆದರು. ನಾನು ತೋಳು ಹಿಡಿದು ತಿರುಗಿಸಿದೆ. ಒಂದು ಕಾಲಕ್ಕೆ ಕಾರ್ಖಾನೆಯ ಫುಟ್ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಮನುಷ್ಯ. ಆಮೇಲೆ ಅದೇ ತಂಡದ ಕೋಚ್. ಗಾಳಿಯಲ್ಲಿ ಬಂದ ಚೆಂಡನ್ನು ವಾಸನೆ ಹಿಡಿದು ತಡೆಯುತ್ತಿದ್ದರಂತೆ. ಈಗ ಬಾಗಿಲು ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಸೀಟಿ ಬಂದಿದ್ದರು. ಹಿಂದೆ ರೆಫರಿ, ಈಗ ಕ್ಲಬ್ಬಿನ ಕಾರ್ಯದರ್ಶಿ. ಆಡಿಸುವುದು ಬಿಟ್ಟು ಎಷ್ಟೋ ಕಾಲವಾದರೂ ಕತ್ತಿನಲ್ಲಿ ಸೀಟಿ ನೇತಾಡುತ್ತಲೇ ಇರುತ್ತದೆ. ಮುಂದಿನ ತಿಂಗಳು ಕ್ಲಬ್ಬಿಗೆ ಅರವತ್ತು ತುಂಬುತ್ತದಂತೆ. ಅವತ್ತು ಮೈದಾನದಲ್ಲಿ ಮಾವನವರು ಒಂದು ಆಟ ಹೇಳಬೇಕು. ಆಡುವುದಲ್ಲ, ಹೇಳುವುದು. ಕಾರ್ಖಾನೆ ತಂಡದಲ್ಲಿ ಇವತ್ತಿನವರೆಗೆ ಆಡಿದವರಲ್ಲಿ ಅತಿ ಒಳ್ಳೆಯ ಹನ್ನೊಂದು ಜನ, ಎದುರಿಗೆ ಹಡಗುಕಟ್ಟೆಯವರ, ಅಂದರೆ ಬಂದರಿನವರ ತಂಡದ ಅಂಥದೇ ಹನ್ನೊಂದು ಜನ. ಸತ್ತವರೂ ಸೇರಿ, ಮುದುಕರಾದವರೂ ಸೇರಿ, ಎಲ್ಲರೂ ತಮ್ಮ ಒಳ್ಳೆಯ ಕಾಲದ ಕಾಲುಗಳಲ್ಲಿ ಆಡಿದರೆ ಗೆಲ್ಲುವವರು ಯಾರು?

"ಹನ್ನೊಂದು ಹೆಸರನ್ನೂ ಹಲಗೆ ಮೇಲೆ ಬರೆಸಿ ಕ್ಲಬ್ಬಲ್ಲಿ ಹಾಕ್ತೀವಿ. ನೀನು ಹೇಳಿದ್ದೇ ಕೊನೆ ಮಾತು" ಎಂದರು ಸೀಟಿ.

"ಕುರುಡನ ಕೈಲಿ ಆಟ ಹೇಳಿಸ್ತೀಯೇನೋ?"

"ಕಣ್ಣಿದ್ದಾಗ ನಾನು ಆಡಿಸಿದ್ದನ್ನೇ ನೀನು ಕುರುಡಾಟ ಅಂತಿದ್ದೆ. ಈಗ ನಿನ್ನ ಸರದಿ."

ಮಾವನವರು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ಹೆಸರು ಎಂದಾಗಲೇ ನನ್ನ ಮನಸ್ಸು ಒಂದು ಹೆಸರಿಗೆ ಅಂಟಿಕೊಂಡಿತ್ತು. ನನ್ನ ಯಜಮಾನರು, ಇವರೂ ಆ ತಂಡಕ್ಕೆ ಆಡಿದವರೇ. ಎಡ ಅಂಚಿನಲ್ಲಿ.

ಫೆಬ್ರವರಿ ೧೧, ಭಾನುವಾರ

ಇವರು ಹೋದ ಮೇಲೆ ನನ್ನ ಅಂಗಡಿಯ ಹೊಲಿಗೆ ಯಂತ್ರಕ್ಕೆ ಹೊದಿಸಿದ ಬಟ್ಟೆ ಹಾಗೇ ಇದೆ. ಬಟ್ಟೆ ಕತ್ತರಿಸುವ ಮೇಜು ಮಾತ್ರ ಈಗ ಮೈದಾನವಾಗಿದೆ.

ಮಾವನವರಿಗೆ ಕಾಗದದ ಮೇಲೆ ಗೆರೆ ಎಳೆದರೆ ಕಾಣದು. ನಾನೇ ಗುಂಡಿ ಡಬ್ಬಿ ತಂದುಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅವರು ಒಂದೊಂದೇ ಗುಂಡಿಯನ್ನು ಬೆರಳ ತುದಿಯಲ್ಲಿ ಉರುಳಿಸಿ ಆಟಗಾರರನ್ನು ಆರಿಸತೊಡಗಿದರು. ಕೋಟಿನ ಹಿತ್ತಾಳೆ ಗುಂಡಿ ಗಡಿಯಾರ, ಅಂದರೆ ಯಾವತ್ತೂ ಅವಸರ ಮಾಡದೆ ಪಾಸ್ ಕೊಡುತ್ತಿದ್ದ ನಡು ಮೈದಾನದವನು. ಸಣ್ಣ ಚಿಪ್ಪಿನ ಗುಂಡಿ ಬುಗುರಿ. ಬಲ ಅಂಚಿನವನು, ನಿಂತಲ್ಲೇ ಮೂರು ಸುತ್ತು ತಿರುಗುತ್ತಿದ್ದನಂತೆ. ಮರದ ಗುಂಡಿ ಕೊಡಲಿ. ಅವನು ತಲೆ ಬೀಸಿದರೆ ಚೆಂಡು ಗೋಲಿನೊಳಗೆ. ಎದುರಾಳಿಗಳಲ್ಲಿ ದಪ್ಪ ಕರಿಯ ಗುಂಡಿ ಗೂಟ, ಬಂದರು ತಂಡದ ಬಲಗಡೆಯ ಬ್ಯಾಕ್, ಕಾರ್ಖಾನೆಯ ಎಡ ಅಂಚನ್ನು ತಡೆಯುವವನು. ನೆಟ್ಟ ಜಾಗದಿಂದ ಅಲ್ಲಾಡದವನು. ಬಿಳಿ ಮಣಿಯೊಂದು ಚೆಂಡು.

"ಎದುರಾಳಿ ಇಲ್ಲದೆ ಆಟ ಹೇಗಮ್ಮ ಹೇಳ್ಲಿ? ನೀನು ಬಂದರಿನವಳು" ಎಂದರು.

"ನನಗೇನು ಗೊತ್ತು ಮಾವ ಫುಟ್ಬಾಲು?"

"ಅಂಗಿ ಹೊಲಿಯೋಳಿಗೆ ಎಲ್ಲಿ ಸಡಿಲ ಇದೆ, ಎಲ್ಲಿ ಬಿಗಿ ಇದೆ ಅಂತ ಗೊತ್ತಲ್ಲ? ಅಷ್ಟೇ ಆಟ."

ಸೀಟಿ ರೆಫರಿ. ಚಹಾ ಹೀರುತ್ತಾ ಯಾರ ಪಾಸು ತಲುಪಿತು, ಯಾರದು ತಪ್ಪಿತು ಎಂದು ತೀರ್ಪು ಕೊಡುತ್ತಾರೆ. ನನ್ನ ಗುಂಡಿ ಸ್ವಲ್ಪ ಮುಂದೆ ಹೋದದ್ದಕ್ಕೆ ಆಫ್‌ಸೈಡ್ ಎಂದು ಅಂಗಡಿಯೊಳಗೇ ಸೀಟಿ ಊದಿಬಿಟ್ಟರು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಬ್ರೇಕ್ ಹಾಕಿ ನಿಂತ.

ಫೆಬ್ರವರಿ ೧೨

ನೆಲ ಗುಡಿಸುವಾಗ ಮೇಜಿನ ಕೆಳಗೆ ಕೊಡಲಿ ಸಿಕ್ಕ. ಒರೆಸಿ ಅವನ ಜಾಗದಲ್ಲೇ ಇಟ್ಟೆ.

ಫೆಬ್ರವರಿ ೧೮, ಭಾನುವಾರ

ಸಿಟ್ಟು ಇಳಿಯುವ ಮೊದಲೇ ಬರೆಯುತ್ತೇನೆ.

ಕಾರ್ಖಾನೆ ಕಡೆ ಹತ್ತೇ ಗುಂಡಿಗಳಿವೆ ಎಂದು ಇವತ್ತು ಗಮನಿಸಿದೆ. ಎಡ ಅಂಚು ಖಾಲಿ. ಅವರು ಮರೆತಿರಬೇಕು, ಅಥವಾ ನನ್ನೆದುರು ಹೆಸರು ಎತ್ತಲು ಹಿಂಜರಿದಿರಬೇಕು ಎಂದುಕೊಂಡೆ. ಡಬ್ಬಿಯಲ್ಲಿ ಹುಡುಕಿ ಒಂದು ನೀಲಿ ಗುಂಡಿ ತೆಗೆದು ಅವರ ಅಂಗೈಯಲ್ಲಿಟ್ಟೆ. ಕಾರ್ಖಾನೆಯ ಅಂಗಿ ನೀಲಿ ಬಣ್ಣದ್ದಲ್ಲವೇ?

ಅವರು ಅದನ್ನು ಬಹಳ ಹೊತ್ತು ಸವರಿದರು. "ಬೇಡ ಕಣಮ್ಮ. ಅಲ್ಲಿ ಏನೂ ಇಡೋದು ಬೇಡ."

"ಅಲ್ಲಿ ಆಡ್ತಿದ್ದದ್ದು ನಿಮ್ಮ ಮಗ."

"ಗೊತ್ತು."

"ಊರವರೆಲ್ಲ ಮಿಂಚುಳ್ಳಿ ಅಂತ ಕರೀತಿದ್ರು. ನೀವೇ ಇಟ್ಟ ಹೆಸರಂತೆ."

"ಗೊತ್ತಮ್ಮ."

"ಅವರಿಗಿಂತ ಒಳ್ಳೆಯವನು ಇನ್ಯಾರಾದ್ರೂ ಇದ್ರೆ ಅವನನ್ನಾದ್ರೂ ಇಡಿ!"

"ಇರ್ಲಿಲ್ಲ" ಎಂದರು. ಗುಂಡಿಯನ್ನು ನನ್ನ ಕೈಗೇ ವಾಪಸು ಕೊಟ್ಟರು. ಸೀಟಿ ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಾ ಕುಳಿತರು.

ನನಗೆ ಗೊತ್ತಿರುವ ಕಥೆ ಇದು. ಫೈನಲ್ ಪಂದ್ಯ, ಇದೇ ಬಂದರು ತಂಡದ ಎದುರು. ಹಾಫ್ ಟೈಮಿಗೆ ಮಗನನ್ನು ಹೊರಗೆ ಕೂರಿಸಿದ್ದು ಅಪ್ಪ. "ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಷೂ ದಾರ ಬಿಗಿದೆ ಕಣೇ. ಈಗ ಕರೀತಾರೆ, ಈಗ ಕರೀತಾರೆ ಅಂತ. ಅಪ್ಪ ಒಂದು ಸಲ ತಿರುಗಿ ನೋಡ್ಲಿಲ್ಲ." ಮದುವೆಯಾದ ಹೊಸದರಲ್ಲಿ ಇವರು ನನಗೆ ಹೇಳಿದ್ದು. ಕಾರ್ಖಾನೆ ಗೆದ್ದಿತು. ಇವರು ಷೂ ಬಿಚ್ಚಿ ಅಲ್ಲೇ ಬಿಟ್ಟು ಬಂದವರು ಮತ್ತೆ ಮೈದಾನ ಮೆಟ್ಟಲಿಲ್ಲ. ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದರು. ಕಳೆದ ವರ್ಷ ಅಲ್ಲೇ, ಬಸ್ಸಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದವರ ಎದೆ ನಿಂತುಹೋಯಿತು. ಆಗಲೂ ಅವರ ಪಾದ ಮಾತ್ರ ಹೊರಗೆ ಕಾಣುತ್ತಿತ್ತಂತೆ.

ಆವತ್ತು ಹೊರಗೆ ಕೂರಿಸಿದ್ದು ಸಾಲದೆ ಈಗಲೂ ಹೊರಗೇ ಕೂರಿಸಿದ್ದಾರೆ.

ಫೆಬ್ರವರಿ ೨೦

ಅಣ್ಣ ಫೋನ್ ಮಾಡಿದ್ದ. ಅವನ ಊರಿನ ಸಿದ್ಧ ಉಡುಪಿನ ಘಟಕದಲ್ಲಿ ಮೇಲ್ವಿಚಾರಕಿಯ ಕೆಲಸ ಖಾಲಿ ಇದೆಯಂತೆ. "ಇನ್ನು ಅಲ್ಲೇನಿದೆ ನಿನಗೆ?" ಎಂದ. ಏಪ್ರಿಲ್ ಹೊತ್ತಿಗೆ ಬರುತ್ತೇನೆ ಎಂದೆ. ಮಾವನವರನ್ನು ನೋಡಿಕೊಳ್ಳಲು ಅವರ ತಂಗಿ ಬರಲು ಒಪ್ಪಿದ್ದಾರೆ. ಹೇಳಿದಾಗ ಮಾವನವರು, "ಹೋಗೋದಾದ್ರೆ ಧಾರಾಳವಾಗಿ ಹೋಗಮ್ಮ. ನಿನ್ನ ಕಾಯೋಕೆ ನಾನೇನು ಗೂಟನೇ?" ಎಂದರು. ಅದಕ್ಕೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಫೆಬ್ರವರಿ ೨೫, ಭಾನುವಾರ

ಆಡಬಾರದು ಅಂದುಕೊಂಡಿದ್ದೆ. ಆದರೆ ಸೀಟಿ ಬಂದು ಕೂತುಬಿಟ್ಟರು, ಮಾವ ಗುಂಡಿಗಳನ್ನು ಆಗಲೇ ಜೋಡಿಸಿದ್ದರು. ಸರಿ, ಸೋಲಿಸಿಯೇ ಬಿಡೋಣ ಎಂದು ಕೂತೆ.

ಖಾಲಿ ಅಂಚಿನ ಎದುರಿಗೆ ನನ್ನ ಗೂಟ ಸುಮ್ಮನೆ ನಿಂತಿದ್ದ. ಕೆಲಸವಿಲ್ಲದವನನ್ನು ಅಲ್ಲಿ ನಿಲ್ಲಿಸಿ ಏನು ಮಾಡಲಿ? ಎತ್ತಿ ನಡುವಿಗೆ ತಂದೆ, ಗಡಿಯಾರನ ಮೇಲೆ ಬಿಡೋಣವೆಂದು. ಮಾವನ ಬೆರಳು ಮೇಜಿನ ಮೇಲೆ ಹರಿದು ಬಂದು, ಗೂಟ ಇದ್ದ ಜಾಗ ಮುಟ್ಟಿ ನೋಡಿತು.

"ಗೂಟ ಎಲ್ಲಿ?"

"ನಡುವಿಗೆ ತಂದೆ."

"ಅವನು ಅಲ್ಲಿಂದ ಕದಲಲ್ಲ ಕಣಮ್ಮ."

"ಯಾಕೆ ಕದಲಬಾರ್ದು? ಅಲ್ಲಿ ಯಾರೂ ಇಲ್ವಲ್ಲ."

"ಇಲ್ಲ ಅಂತ ಗೂಟನಿಗೆ ಯಾರು ಹೇಳಿದ್ದು?"

ನಾನು ಗೂಟನನ್ನು ನಡುವಿನಲ್ಲೇ ಇಟ್ಟು ಕೈ ಕಟ್ಟಿಕೊಂಡೆ. ಸೀಟಿ ಗಂಟಲು ಸರಿಮಾಡಿಕೊಂಡು, "ಇಬ್ಬರೂ ಮೈದಾನದಲ್ಲಿ ಮಾತಾಡಬಾರ್ದು, ಹಳದಿ ಕಾರ್ಡ್ ಕೊಡ್ತೀನಿ" ಎಂದರು.

ಫೆಬ್ರವರಿ ೨೮

ಮಾವ ಇವತ್ತು ಚಹಾವನ್ನು ಲೋಟದ ಪಕ್ಕಕ್ಕೆ ಬಗ್ಗಿಸಿಕೊಂಡರು. ಇಬ್ಬರೂ ಏನೂ ಆಗದವರಂತೆ ಒರೆಸಿದೆವು.

ಮಾರ್ಚ್ ೩, ಭಾನುವಾರ

ಹಟ ಹಿಡಿದು ಇವತ್ತೂ ಗೂಟನನ್ನು ಎಬ್ಬಿಸಿದೆ. ಅವರು ಏನೂ ಅನ್ನಲಿಲ್ಲ. ಗೂಟ ನಡುವಿಗೆ ಬಂದದ್ದೇ ತಡ, ಗಡಿಯಾರನಿಗೆ ಉಸಿರಾಡಲು ಜಾಗವಿಲ್ಲ, ಬುಗುರಿಗೆ ಚೆಂಡು ತಲುಪುವುದಿಲ್ಲ, ಕೊಡಲಿ ಒಬ್ಬನೇ ಮುಂದೆ ನಿಂತು ಅನಾಥ. ನಾನು ಮೂರು ಗೋಲು ಹೊಡೆದೆ. ಸೀಟಿ ಬೆಪ್ಪಾಗಿ, "ಬಂದರಿನವರು ಈ ಪಾಟಿ ಗೆದ್ದದ್ದು ಇದೇ ಮೊದಲು" ಎಂದರು.

ಮಾವ ಗುಂಡಿಗಳನ್ನು ಡಬ್ಬಿಗೆ ತುಂಬುತ್ತಾ, "ಚೆನ್ನಾಗಿ ಆಡ್ದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

ಗೆದ್ದರೂ ಮಧ್ಯಾಹ್ನವೆಲ್ಲ ಏನೋ ಕಳೆದುಕೊಂಡವಳಂತೆ ಓಡಾಡಿದೆ. ಬಟ್ಟೆ ಸರಿಸಿ ಯಂತ್ರಕ್ಕೆ ಎಣ್ಣೆ ಬಿಟ್ಟೆ. ತುಕ್ಕು ಹಿಡಿದೀತು ಎಂದು, ಅಷ್ಟೇ.

ಮಾರ್ಚ್ ೧೦, ಭಾನುವಾರ

ಇವತ್ತು ಗೂಟನನ್ನು ಅವನ ಪಾಡಿಗೆ ಬಿಟ್ಟೆ. ಮೂರು ಗೋಲಿನ ಆಟ ಆಡಿ ಬೇಜಾರಾಗಿತ್ತು ಅನ್ನಿಸುತ್ತದೆ.

ಗೂಟ ನಿಂತರೆ ಆಟವೇ ಬೇರೆ. ಅವನು ಖಾಲಿ ಗೆರೆಯನ್ನು ಕಾಯುತ್ತಾನೆ. ಅವನ ಬೆನ್ನಿಗೆ ಇನ್ನೊಬ್ಬ ನಿಲ್ಲಬೇಕು, ಯಾಕೆಂದರೆ ಆ ಗೆರೆಯಲ್ಲಿ ಬರುವವನನ್ನು ಗೂಟ ಒಬ್ಬನೇ ತಡೆದದ್ದಿಲ್ಲವಂತೆ. ಹೀಗೆ ನನ್ನ ಇಬ್ಬರು ಅಲ್ಲೇ ಬಂದಿ. ಉಳಿದ ಕಡೆ ಬಟ್ಟೆ ಸಾಲದ ರವಿಕೆಯ ಹಾಗೆ ಎಳೆದಲ್ಲೆಲ್ಲ ಹರಿಯುತ್ತದೆ. ಹತ್ತು ಜನರನ್ನಿಟ್ಟುಕೊಂಡು ಈ ಮುದುಕ ಹನ್ನೆರಡು ಜನರ ಆಟ ಆಡಿಸುತ್ತಾನೆ.

ಒಂದು ವಿಚಿತ್ರ ಏನೆಂದರೆ, ಗೂಟ ಅವನ ಜಾಗದಲ್ಲಿದ್ದರೆ ಮಾವ ಆಟ ಮುಗಿಸುವುದಿಲ್ಲ. ಸ್ಕೋರು ಸಮ ಇರುತ್ತದೆ. ಗಡಿಯಾರನ ಕಾಲಲ್ಲಿ ಚೆಂಡು. ಅವನು ತಲೆ ಎತ್ತಿ ಎಡಕ್ಕೆ ನೋಡುತ್ತಾನೆ. ಅಲ್ಲಿಗೆ ಮಾವನ ಕೈ ನಿಂತುಬಿಡುತ್ತದೆ. "ಇವತ್ತಿಗೆ ಸಾಕು" ಎನ್ನುತ್ತಾರೆ. ಮೈದಾನದಲ್ಲಿ ಎಲ್ಲರೆದುರು ಹೀಗೆ ನಿಂತರೆ ಏನು ಗತಿ?

ಮಾರ್ಚ್ ೧೪

ಸೀಟಿ ಹಳೇ ಆಟಗಾರರಿಗೆಂದು ನೀಲಿ ಅಂಗಿ, ಹಸಿರು ಅಂಗಿ ಹೊಲಿಯಲು ಕೊಟ್ಟಿದ್ದಾರೆ. ಹೊಟ್ಟೆ ಬಂದವರ ಅಳತೆ ತೆಗೆಯುವುದರಲ್ಲಿ ಟೇಪು ಸಾಲದೆ ಹೋಯಿತು. ಮೂರು ದಿನದಿಂದ ಯಂತ್ರ ನಿಂತಿಲ್ಲ. ಅಣ್ಣನ ಫೋನ್ ಬಂದಾಗ ಸೂಜಿ ಕೈಲಿತ್ತು, ಆಮೇಲೆ ಮಾಡುತ್ತೇನೆ ಎಂದೆ. ಮಾಡುವುದು ಮರೆತೇ ಹೋಯಿತು.

ಮಾವನಿಗೆ ಈಗ ಬೆಳಕು ಮಾತ್ರ ಗೊತ್ತಾಗುತ್ತದೆ. ಕಿಟಕಿ ಎಲ್ಲಿದೆ ಎಂದು ಹೇಳಬಲ್ಲರು, ಕಿಟಕಿಯಲ್ಲಿ ಯಾರಿದ್ದಾರೆಂದು ಹೇಳಲಾರರು.

ಮಾರ್ಚ್ ೧೭, ಭಾನುವಾರ

ಮೈದಾನದಿಂದ ಬಂದು, ಮಾವನಿಗೆ ಊಟ ಬಡಿಸಿ, ಕೂತಿದ್ದೇನೆ. ಎಲ್ಲವನ್ನೂ ಬರೆಯಬೇಕು.

ಇಷ್ಟು ಜನ ಸೇರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಗೋಲಿನ ಮುಂದೆ ಒಂದು ಮೇಜು, ಮೈಕು, ನೀರಿನ ಚೊಂಬು. ಮಾವ ಗೋಲ್‌ಪೋಸ್ಟನ್ನು ಕೈಯಿಂದ ಒಮ್ಮೆ ತಡವಿ ಆಮೇಲೆ ಕೂತರು. ನಾನು ಪಕ್ಕದಲ್ಲಿ, ಮಡಿಲಲ್ಲಿ ಗುಂಡಿಗಳ ತಟ್ಟೆ ಇಟ್ಟುಕೊಂಡು ಕೂತೆ. ಅವರು ಹೇಳಿದಂತೆ ನಾನು ಜರುಗಿಸಬೇಕು, ಜಾಗ ಮರೆತರೆ ಅವರು ಬೆರಳಿನಿಂದ ಮುಟ್ಟಿ ನೋಡಬೇಕು.

"ಕೇಳ್ರಪ್ಪಾ" ಎಂದು ಶುರು ಮಾಡಿದರು. "ಇವತ್ತು ಗಾಳಿ ನೀರಿನ ಕಡೆಯಿಂದ ಬೀಸ್ತಾ ಇದೆ. ಹಾಗಾಗಿ ಮೊದಲರ್ಧ ಬಂದರಿನವರಿಗೆ ಲಾಭ. ನಮ್ಮ ಹುಡುಗರು ಚೆಂಡನ್ನ ನೆಲ ಬಿಟ್ಟು ಎಬ್ಬಿಸೋ ಹಾಗಿಲ್ಲ. ಎಬ್ಬಿಸಿದೋನು ನನ್ನ ಹತ್ರ ಬೈಸ್ಕೋತಾನೆ, ಸತ್ತಿದ್ರೂ ಬಿಡಲ್ಲ."

ಜನ ನಕ್ಕರು. ಅಲ್ಲಿಂದ ಮುಂದೆ ನಗಲೂ ಮರೆತರು. ಬಂದರಿನವರು ಗಾಳಿ ಹಿಡಿದು ಬಂದರು, ಒಂದು ಗೋಲು ಹೊಡೆದರು. ಕೊಡಲಿ ಎರಡು ಸಲ ತಲೆ ಬೀಸಿದ, ಎರಡು ಸಲವೂ ಕಂಬಕ್ಕೆ. ಮೂರನೆಯದು ಒಳಗೆ. ಕೊಡಲಿ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅವನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು, ಬಾಯಿಗೆ ಸೆರಗು ಹಿಡಿದು ಎದ್ದೇ ನಿಂತರು.

ಕೊನೆಯ ಹೊತ್ತು ಬಂತು. ಸಮ ಸಮ. ಗಡಿಯಾರನ ಕಾಲಲ್ಲಿ ಚೆಂಡು.

"ಗಡಿಯಾರ ತಲೆ ಎತ್ತಿದ" ಎಂದರು ಮಾವ. "ಎಡಕ್ಕೆ ನೋಡಿದ."

ಮಾತು ಅಲ್ಲಿಗೇ ನಿಂತಿತು.

ಮೈಕಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಬೆರಳುಗಳು ತಟ್ಟೆಯ ಎಡ ಅಂಚಿನ ಬರಿಜಾಗವನ್ನು ಸವರುತ್ತಿದ್ದವು. ಜನ ಕಾದರು. ಯಾರೋ ಕೆಮ್ಮಿದರು. ಸೀಟಿ ನನ್ನತ್ತ ನೋಡಿ, ಆಟ ಮುಗಿಸಲೇ ಎಂಬಂತೆ ಸೀಟಿಯನ್ನು ತುಟಿಗೆ ತಂದರು.

ನಾನು ಬಂದರಿನವಳು. ಆ ಕ್ಷಣ ಗೂಟನನ್ನು ನಡುವಿಗೆ ಎಳೆದಿದ್ದರೆ ಗೆಲುವು ನನ್ನದು. ಗಡಿಯಾರನಿಂದ ಚೆಂಡು ಕಿತ್ತುಕೊಂಡು ನೇರ ಗೋಲು. ಅದು ನನಗೆ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ನಾನು ಮೈಕಿನ ಕಡೆ ಬಗ್ಗಿದೆ. ಅಷ್ಟು ಜನರೆದುರು ನಾನು ಯಾವತ್ತೂ ಮಾತಾಡಿದವಳಲ್ಲ.

"ಗೂಟ ಅಲ್ಲೇ ಇದ್ದಾನೆ ಮಾವ. ನಾನವನನ್ನ ಕದಲಿಸಿಲ್ಲ."

ಆಗ ಜನರ ಹಿಂದಿನಿಂದ ಒಂದು ಒಡಕು ದನಿ ಕೂಗಿತು. "ಕದಲಿಲ್ಲ ಕಣಯ್ಯಾ! ಎಲ್ಲಿ ಕದಲೋದು!"

ತಿರುಗಿ ನೋಡಿದರೆ ಊರುಗೋಲು ಹಿಡಿದ ಅಗಲ ಭುಜದ ಮುದುಕರು. ನಾನೇ ಹೊಲಿದ ಹಸಿರು ಅಂಗಿ. ಅಳತೆಯನ್ನು ಮಗಳ ಕೈಲಿ ಕಳಿಸಿದ್ದರಿಂದ ನಾನು ಮುಖ ನೋಡಿರಲಿಲ್ಲ. ಅವರೇ ಗೂಟ.

"ಆ ಫೈನಲ್ಲಲ್ಲಿ ಅರ್ಧ ಆಟ ಪೂರ್ತಿ ಬರೀ ಗೆರೆ ಕಾದೋನು ನಾನು" ಎಂದರು, ಜನರೆಲ್ಲರಿಗೂ. "ಮಿಂಚುಳ್ಳಿ ಬದಲಿಗೆ ನೀವು ಯಾರನ್ನೂ ಇಳಿಸ್ಲಿಲ್ಲ, ಅವನು ಬೆಂಚಲ್ಲಿ ಕೂತು ಷೂ ದಾರ ಬಿಗಿಯೋನು. ಈಗ ಬರ್ತಾನೆ ಅಂತ ನಾನು ನಿಲ್ಲೋನು. ಮತ್ತೆ ಬಿಗಿಯೋನು, ಮತ್ತೆ ನಿಲ್ಲೋನು. ನಮ್ಮ ಕೋಚ್ ಬಾಯಿಗೆ ಬಂದ ಹಾಗೆ ಬೈದ್ರು, ಬಾರೋ ನಡುವಿಗೆ ಅಂತ. ಎಂಥ ಬರೋದು! ಅವನಿಗೆ ಬೆನ್ನು ಹಾಕೋಕೆ ನನಗೆ ಹುಚ್ಚೇ? ಆ ಕಡೆ ನೀವು ಗೋಲು ಹೊಡೆದ್ರಿ. ಆವತ್ತು ನಮ್ಮನ್ನ ಸೋಲಿಸಿದ್ದು ಆಡದೇ ಇದ್ದೋನು."

ಮಾವನ ಮುಖ ದನಿ ಬಂದ ದಿಕ್ಕಿಗೆ ತಿರುಗಿತ್ತು. ಆಮೇಲೆ ಅವರು ನಿಧಾನವಾಗಿ ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ಗಡಿಯಾರ ಎಡಕ್ಕೆ ನೋಡಿದ" ಎಂದರು ಮತ್ತೆ. "ಗೂಟನೂ ಎಡಕ್ಕೆ ನೋಡಿದ. ಬಂದರಿನವರೆಲ್ಲ ಎಡಕ್ಕೆ ನೋಡಿದ್ರು. ಅಲ್ಲಿ ಮಿಂಚುಳ್ಳಿ ಇದ್ದ. ಕೈ ಎತ್ತಿ ಚೆಂಡು ಕೇಳ್ತಾ ಇದ್ದ. ಕೇಳ್ಲಿ. ಗಡಿಯಾರ ಚೆಂಡನ್ನ ಬಲಕ್ಕೆ ಕೊಟ್ಟ. ಬುಗುರಿ ತಿರುಗಿದ, ಒಂದು ಸಲ, ಎರಡು ಸಲ. ಎತ್ತಿದ. ಕೊಡಲಿ."

ಅಷ್ಟೇ. ಗೋಲು ಎಂದು ಅವರು ಹೇಳಲೇ ಇಲ್ಲ. ಹೇಳಿದ್ದು ಜನ. ಸೀಟಿ ಊದಿದ್ದು ಯಾರಿಗೂ ಕೇಳಿಸಲಿಲ್ಲ.

ಹೊರಡುವಾಗ ಗೂಟ ನನ್ನೆದುರು ಬಂದು ನಿಂತು, "ಏನಮ್ಮ ಮ್ಯಾನೇಜರ್, ಗೆಲ್ಲೋ ಆಟ ಬಿಟ್ಕೊಟ್ಯಲ್ಲ" ಎಂದರು. ಕಂಕುಳಲ್ಲಿ ಅಂಗಿ ಬಿಗಿಯಾಗಿತ್ತು. ನಾಳೆ ಕಳಿಸಿ, ಬಿಡಿಸಿಕೊಡುತ್ತೇನೆ ಎಂದೆ.

ಮಾರ್ಚ್ ೧೮

ಬೆಳಿಗ್ಗೆ ಮಾವ ತಾವಾಗಿಯೇ ಬಾಯಿ ಬಿಟ್ಟರು. ಹಾಫ್ ಟೈಮಿನಲ್ಲಿ ಮಗನ ಮೊಣಕಾಲು ಕುಂಬಳದ ಹಾಗೆ ಊದಿತ್ತಂತೆ. ನೋವಿಲ್ಲ, ಆಡುತ್ತೇನೆ ಎಂದು ಅವನು ಹಟ ಹಿಡಿದ. ಇನ್ನು ಆಡಿಸಿದರೆ ಕಾಲೇ ಹೋಗುತ್ತಿತ್ತು.

"ಮತ್ತೆ ಕರೆಯಲ್ಲ ಅಂತ ಅವನಿಗೆ ಹೇಳಿದ್ರೆ ಷೂ ಬಿಚ್ಚಿ ಕೂತಿರೋನು. ಗೂಟ ಅದನ್ನ ನೋಡಿ ನಡುವಿಗೆ ಬಂದುಬಿಡೋನು. ಅದಕ್ಕೆ ಹೇಳ್ಲಿಲ್ಲ. ನಾನು ತಿರುಗಿ ನೋಡಿದ್ರೆ ನನ್ನ ಮುಖ ಹೇಳಿಬಿಡೋದು. ಅದಕ್ಕೆ ನೋಡ್ಲಿಲ್ಲ. ಗೆದ್ದ ಮೇಲೆ ಹೇಳೋಣ ಅಂತಿದ್ದೆ ಕಣಮ್ಮ. ಗೆದ್ದು ತಿರುಗಿದ್ರೆ ಬೆಂಚ್ ಮೇಲೆ ಷೂ ಮಾತ್ರ ಇತ್ತು."

"ಆಮೇಲೆ ಮನೇಲಿ ಹೇಳಬಹುದಿತ್ತಲ್ಲ ಮಾವ."

"ಹೂಂ" ಎಂದರು. ಕಿಟಕಿಯ ಬೆಳಕಿನ ಕಡೆ ಮುಖ ಮಾಡಿ ಕೂತರು. ನಾನು ಅವರ ಪಕ್ಕದಲ್ಲೇ ಕೂತು ಗೂಟ ಅವರ ಅಂಗಿಯ ಹೊಲಿಗೆ ಬಿಚ್ಚಿದೆ. ಕಣ್ಣು ಮಂಜಾಗಿ ಎರಡು ಕಡೆ ತಪ್ಪು ದಾರ ಕಿತ್ತೆ.

ಮಾರ್ಚ್ ೨೪, ಭಾನುವಾರ

ಹಲಗೆ ಬರೆಯುವ ಪೇಂಟರ್ ಅಂಗಡಿಗೆ ಬಂದ. "ಕಾರ್ಖಾನೆ ಕಡೆ ಹತ್ತೇ ಹೆಸರು ಕೊಟ್ಟಿದಾರೆ. ಹನ್ನೊಂದನೇದು ಖಾಲಿ ಬಿಡ್ಲಾ?" ಎಂದು ಕೇಳಿದ.

ಮಾವ ಕಣ್ಣು ಮುಚ್ಚಿಕೊಂಡೇ, "ಗೂಟನ್ನ ಕೇಳು, ಎದುರಿಗೆ ಯಾರಿದ್ರು ಅಂತ" ಎಂದರು.

ಪೇಂಟರ್ ಪೆಚ್ಚಾಗಿ ನನ್ನ ಮುಖ ನೋಡಿದ. "ಮಿಂಚುಳ್ಳಿ ಅಂತ ಬರಿಯಪ್ಪ" ಎಂದೆ.

ಬಂದರಿನ ಹುಡುಗರ ತಂಡದ ಅಂಗಿಗಳೂ ನನಗೇ ಬಂದಿವೆ. ಗೂಟ ಹೇಳಿ ಕಳಿಸಿದ್ದು. ಅಣ್ಣನಿಗೆ ಫೋನ್ ಮಾಡಿ, ಸದ್ಯಕ್ಕೆ ಕೈ ಬಿಡುವಿಲ್ಲ, ನೀನೇ ಒಂದು ಸಲ ಬಾ ಎಂದೆ. ಮಾವನಿಗೂ ಎದುರಾಳಿ ಬೇಕು, ಭಾನುವಾರ ಸೀಟಿ ಸುಮ್ಮನೆ ಚಹಾ ಕುಡಿದು ಹೋಗುವಂತಾಗಬಾರದು.

ಮಧ್ಯಾಹ್ನ ಹಸಿರು ಬಟ್ಟೆ ಹರಡಿ ಕತ್ತರಿಸಲು ನಿಂತೆ. ಸೀಮೆಸುಣ್ಣ, ಟೇಪು, ಇಸ್ತ್ರಿ ಎಲ್ಲ ಬಲಗಡೆಯೇ ಗುಡ್ಡೆಯಾಗಿವೆ. ಸ್ವಲ್ಪ ಆ ಕಡೆ ಸರಿಸೋಣವೆಂದು ಕತ್ತರಿ ಎತ್ತಿ ಮೇಜಿನ ಎಡ ಅಂಚಿಗೆ, ಮಿಂಚುಳ್ಳಿ ನಿಲ್ಲುವ ಕಡೆಗೆ ಒಯ್ದೆ, ಇಡಲಾಗದೆ ವಾಪಸು ತಂದೆ. ಮೇಜು ಇಕ್ಕಟ್ಟೇನೋ ಹೌದು. ಬಟ್ಟೆಯನ್ನು ಕೊಂಚ ಓರೆಯಾಗಿ ಹಾಸಿಕೊಂಡರೆ ಸಾಕಾಗುತ್ತದೆ.